ವಾಸನೆಗೆ ಬಣ್ಣ ಹಚ್ಚಿದ ಮಳೆಗಾಲ

ಕಳೆದ ವಾರ ತಂಗಿಯ ಮದುವೆಯ ಗಡಿಬಿಡಿಯಲ್ಲಿ ಅವಳ ಜೊತೆ ಮಣ್ಣಗುಡ್ಡದ ಒಂದು ಪಾರ್ಲರಿಗೆ ಹೋಗಿದ್ದೆ. ಅವಳು ಕನ್ನಡಿಯ ಮುಂದೆ ಕುಳಿತಳು. ಪಾರ್ಲರಿನ ಹುಡುಗಿ ಕೂದಲಿಗೆ ಹಚ್ಚುವ ಬಣ್ಣದ ಬಾಟಲಿಯ ಮುಚ್ಚಳ ತೆಗೆದು ಬಟ್ಟಲಿಗೆ ಸುರಿದಳು. ನಾನು ಎದ್ದದ್ದು, ಬಾಗಿಲು ತಳ್ಳಿದ್ದು, ಮೆಟ್ಟಿಲಿಳಿದದ್ದು ನನಗೇ ತಿಳಿಯಲಿಲ್ಲ. ರಸ್ತೆ ಬದಿಯಲ್ಲಿ ನಿಂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮುಖ ಅತ್ತಿತ್ತ ತಿರುಗಿಸುತ್ತಿದ್ದೆ. ಹುಡುಗಿ ಹಿಂದೆಯೇ ಬಂದಳು.

"ಎಂತ ಆಯ್ತು ಮೇಡಂ? ತಲೆ ತಿರುಗಿತಾ?"

"ಅದರಲ್ಲಿ ಅಮೋನಿಯಾ ಉಂಟಾ?"

"ಸ್ವಲ್ಪ ಇರ್ತದೆ. ಎಲ್ಲದರಲ್ಲಿಯೂ ಇರ್ತದಲ್ಲ."

ಸ್ವಲ್ಪ ಇರುತ್ತದೆ. ಆ ಒಂದು ಮಳೆಗಾಲದಲ್ಲಿ ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೆ.

ನಾಲ್ಕು ವರ್ಷಗಳ ಹಿಂದೆ ನಾನು ಬೈಕಂಪಾಡಿಯಿಂದ ಎರಡು ಸ್ಟಾಪ್ ಆಚೆಗಿನ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುವ ಗೆಸ್ಟ್ ಟೀಚರ್ ಆಗಿದ್ದೆ. ನನ್ನ ತಂದೆಗೆ, ನಾವು ಕರೆಯುವಂತೆ ಉಪ್ಪನಿಗೆ, ಹಂಪನಕಟ್ಟೆಯಲ್ಲಿ ಅತ್ತರಿನ ಅಂಗಡಿ, ಅಣ್ಣ ದಮ್ಮಾಮಿನಲ್ಲಿದ್ದಾನೆ. ವ್ಯಾಪಾರಕ್ಕೂ ಕೂರದೆ ಗಲ್ಫಿಗೂ ಹೋಗದೆ ಬಣ್ಣದ ಡಬ್ಬಿ ಹಿಡಿದು ಬಸ್ಸು ಹತ್ತಿದವಳು ಮನೆಯಲ್ಲಿ ನಾನೊಬ್ಬಳೇ. ವಾರಕ್ಕೆ ಎರಡು ಪೀರಿಯಡ್. ಅದರಲ್ಲಿ ಒಂದನ್ನು ಹೆಚ್ಚಾಗಿ ಗಣಿತದವರು ಕೇಳಿ ಪಡೆಯುತ್ತಿದ್ದರು. ಉಳಿದುದರಲ್ಲಿ ಕೊಡಪಾನ, ಮಾವಿನಹಣ್ಣು, ಗುಡ್ಡದ ಹಿಂದಿನ ಸೂರ್ಯ ಬರೆಸಿ ಬರೆಸಿ ನನಗೇ ಬೇಸರ ಬಂದಿತ್ತು. ಹಾಗಾಗಿ ಆ ಜೂನ್‌ನಲ್ಲಿ ಎಂಟನೇ ತರಗತಿಯವರ ಹತ್ತಿರ ಗೆರೆಯಿಲ್ಲದ ಒಂದೊಂದು ನೋಟ್‌ಬುಕ್ ತರಿಸಿದೆ. ವಾರಕ್ಕೊಂದು ಹೊಸ ಅಭ್ಯಾಸ. ಕಾಗದ ನೋಡದೆ ಪಕ್ಕದವರ ಮುಖ ಬರೆಯುವುದು. ಎಡಗೈಯಲ್ಲಿ ಮನೆಯ ಬಾಗಿಲು ಬರೆಯುವುದು. ಚೆಲ್ಲಿದ ಚಹಾದ ಕಲೆಯಿಂದ ಒಂದು ಪ್ರಾಣಿ ಮಾಡುವುದು. ಬಸ್ ಟಿಕೆಟ್ ಅಂಟಿಸಿ ಅದರ ಸುತ್ತ ಆ ದಿನದ ಪ್ರಯಾಣ ಬರೆಯುವುದು. ಮಾರ್ಕಿಲ್ಲ, ತಪ್ಪಿಲ್ಲ, ರಬ್ಬರ್ ಇಲ್ಲ. ಮಕ್ಕಳು ಅದಕ್ಕೆ ಗೀಚು ಪುಸ್ತಕ ಎಂದು ಹೆಸರಿಟ್ಟರು.

ಆಗಸ್ಟ್‌ನಲ್ಲಿ ಉಪ್ಪನ ಅಂಗಡಿಯಿಂದ ಅತ್ತರಿನ ಸಣ್ಣ ಬಾಟಲಿಗಳನ್ನು ಒಂದು ಡಬ್ಬಿಯಲ್ಲಿ ತಂದು, ಕಾಗದದ ಪಟ್ಟಿಗಳಿಗೆ ಹಚ್ಚಿ ಎಲ್ಲರಿಗೂ ಹಂಚಿದೆ. "ಪುಟದಲ್ಲಿ ನಿಮ್ಮದೇ ದೇಹದ ಹೊರಗೆರೆ ಬರೆಯಿರಿ. ಈ ವಾಸನೆ ಅಥವಾ ನಿಮಗೆ ಗೊತ್ತಿರುವ ಬೇರೆ ಯಾವುದಾದರೂ ವಾಸನೆ ದೇಹದ ಯಾವ ಜಾಗಕ್ಕೆ ತಾಗುತ್ತದೆ, ಅದಕ್ಕೆ ಯಾವ ಬಣ್ಣ, ನೋಡಿ" ಎಂದೆ. ಯಾರೋ ಮಲ್ಲಿಗೆಯನ್ನು ಹಣೆಗೆ ಹಚ್ಚಿದರು. ಯಾರೋ ಹುರಿದ ಮೀನನ್ನು ಹೊಟ್ಟೆಯ ತುಂಬ ಕೆಂಪಾಗಿ ತುಂಬಿದರು. ಮೂರನೇ ಬೆಂಚಿನ ಧನ್ಯಾಳ ಪುಟದಲ್ಲಿ ಕಣ್ಣು ಮತ್ತು ಗಂಟಲು ಮಾತ್ರ ಇತ್ತು. ಎರಡಕ್ಕೂ ಒಣಗಿದ ಪಾಚಿಯಂಥ ಹಳದಿ ಬಳಿದು, ಅದರ ಮೇಲೆ ಸೂಜಿಗಳಂತೆ ಕಪ್ಪು ಗೆರೆ ಎಳೆದಿದ್ದಳು.

"ಇದು ಎಂತದರ ವಾಸನೆ?"

"ಅಮ್ಮನ ಕಂಪನಿಯದ್ದು ಮಿಸ್. ಚುಚ್ಚುತ್ತದೆ."

ಧನ್ಯಾಳ ತಂದೆ ಬೋಟಿನಲ್ಲಿ ಮೀನಿಗೆ ಹೋಗುವವರು. ಒಮ್ಮೆ ಹೋದರೆ ಹತ್ತು ದಿನ ಬರುವುದಿಲ್ಲ. ತಾಯಿ ಹೇಮಕ್ಕ ಬೈಕಂಪಾಡಿಯಲ್ಲಿ ಮೀನು ಶುಚಿ ಮಾಡಿ ಫ್ರೀಜ್ ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಹುಡುಗಿ ಶಾಲೆ ಬಿಟ್ಟ ಮೇಲೆ ಕಂಪನಿಯ ಗೇಟಿಗೆ ಹೋಗಿ, ಸೆಕ್ಯೂರಿಟಿ ಬಾಬಣ್ಣನ ಗೂಡಿನಲ್ಲಿ ಕುಳಿತು ಹೋಂವರ್ಕ್ ಮಾಡಿ, ತಾಯಿಯ ಜೊತೆ ಮನೆಗೆ ಹೋಗುತ್ತಿದ್ದಳು. ಬಾಬಣ್ಣ ಅವಳಿಗೆ ತನ್ನ ಸ್ಟೂಲು ಬಿಟ್ಟುಕೊಟ್ಟು ತಾನು ನಿಲ್ಲುತ್ತಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ದಿನ ನಾನು ಅವಳ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಇಷ್ಟೇ: "ಚೆನ್ನಾಗಿದೆ. ಇನ್ನೂ ಬೇರೆ ಬಣ್ಣ ಬಳಸು."

ಮಕ್ಕಳಿಗೆ ವಾಸನೆಯ ಆಟ ಇಷ್ಟವಾದ್ದರಿಂದ ಅದನ್ನೇ ಮುಂದುವರಿಸಿದೆ. ಪುಟದಲ್ಲಿ ಮೂವತ್ತು ಚೌಕ. ದಿನಕ್ಕೊಂದು ಚೌಕ, ಸಂಜೆ ಐದು ಗಂಟೆಗೆ ಮೂಗಿಗೆ ಬಂದ ವಾಸನೆಯ ಬಣ್ಣ. ಸೆಪ್ಟೆಂಬರಿನ ಮೊದಲ ವಾರ ಪುಸ್ತಕಗಳನ್ನು ತಿರುವುತ್ತಿದ್ದೆ. ಉಳಿದವರ ಚೌಕಗಳು ಸಂತೆಯಂತಿದ್ದವು. ಧನ್ಯಾಳದ್ದರಲ್ಲಿ ಅದೇ ಹಳದಿ. ಮೊದಲ ದಿನಗಳಲ್ಲಿ ಮೂಲೆಯಲ್ಲಿ ಒಂದು ಚುಕ್ಕೆ, ನಂತರ ಕಾಲು ಚೌಕ, ನಂತರ ಅರ್ಧ. ಭಾನುವಾರಗಳು ಬಿಳಿ. ಕೊನೆಯ ನಾಲ್ಕು ಚೌಕಗಳಲ್ಲಿ ಬಿಳಿಯೇ ಇರಲಿಲ್ಲ. ಪಕ್ಕದ ಪುಟದಲ್ಲಿ "ದಾರಿಯಲ್ಲಿ ಸಿಕ್ಕಿದ ಒಂದು ವಸ್ತು ಅಂಟಿಸಿ" ಎಂಬ ಅಭ್ಯಾಸಕ್ಕೆ ಅವಳು ಒಂದು ಕೆಸುವಿನ ಎಲೆ ಅಂಟಿಸಿದ್ದಳು. ಎಲೆಯ ಒಂದು ಬದಿ ಹಸಿರಾಗಿಯೇ ಇತ್ತು. ಇನ್ನೊಂದು ಬದಿ ಕಾವಲಿಗೆ ಹಾಕಿ ತೆಗೆದ ಹಾಗೆ ಕಪ್ಪಾಗಿತ್ತು.

ಆ ಮಳೆಯಲ್ಲಿ ಕೆಸು ಕಪ್ಪಾಗುವುದೆಂದರೇನು?

ಪುಸ್ತಕ ಹಿಡಿದು ವಿಜ್ಞಾನದ ಲೋಬೋ ಸರ್ ಹತ್ತಿರ ಹೋದೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಧನ್ಯಾಳನ್ನು ಲ್ಯಾಬಿಗೆ ಕರೆಸಿದರು. ಕಪಾಟಿನಿಂದ ಒಂದು ಬಾಟಲಿ ತೆಗೆದು, ಮುಚ್ಚಳ ಸಡಿಲಿಸಿ, ದೂರದಿಂದಲೇ ಕೈಯಿಂದ ಗಾಳಿ ಬೀಸಿದರು.

"ಇದಾ ವಾಸನೆ?"

ಹುಡುಗಿ ಎರಡು ಹೆಜ್ಜೆ ಹಿಂದೆ ಹೋದಳು. "ಇದೇ ಸರ್. ಆದರೆ ಅಲ್ಲಿಯದ್ದು ಇದಕ್ಕಿಂತ ಜಾಸ್ತಿ."

ಅವಳನ್ನು ತರಗತಿಗೆ ಕಳಿಸಿ ಸರ್ ಬಾಟಲಿಯನ್ನು ಒಳಗಿಟ್ಟರು. "ಅಮೋನಿಯಾ. ಫ್ರೀಜಿಂಗ್ ಕಂಪನಿಗಳಲ್ಲಿ ತಣ್ಣಗೆ ಮಾಡ್ಲಿಕ್ಕೆ ಅದನ್ನೇ ಉಪಯೋಗಿಸುದು. ಮಳೆಗಾಲದಲ್ಲಿ ಬೋಟು ಇಳಿಯುದಿಲ್ಲ, ಮೆಷಿನು ನಿಂತಿರ್ತದೆ. ಈಗ ಸೀಸನ್ ಸುರು ಆಯ್ತು, ಹಗಲು ರಾತ್ರಿ ಓಡಿಸ್ತಾರೆ. ಪೈಪಿನಲ್ಲಿ ಎಲ್ಲಿಯೋ ಲೀಕ್ ಉಂಟು. ವಾಸನೆ ಸ್ವಲ್ಪ ಇರ್ತದೆ. ಎಲೆ ಸುಡುವಷ್ಟು ಇರ್ಬಾರ್ದು."

"ಪೈಪು ಒಡೆದರೆ?"

ಅವರು ಉತ್ತರಿಸುವ ಮೊದಲು ಕನ್ನಡಕ ತೆಗೆದು ಒರೆಸಿದರು. "ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಳ್ಬೇಕು. ಗಾಳಿ ಎಲ್ಲಿಂದ ಬರ್ತದೋ ಅದಕ್ಕೆ ಎದುರಾಗಿ ಓಡ್ಬೇಕು. ಗಾಳಿ ಹೋಗುವ ಕಡೆ ಓಡಿದರೆ ಅದು ಬೆನ್ನ ಹಿಂದೆಯೇ ಬರ್ತದೆ."

ಅಂದಿನಿಂದ ನನಗೆ ಹೆದರಿಕೆ ಹಿಡಿಯಿತು. ಮರುದಿನ ಸಂಜೆ ಕಂಪನಿಯ ಗೇಟಿನ ಹೊರಗೆ ಹೇಮಕ್ಕನಿಗಾಗಿ ಕಾದೆ. ಅವರು ಕೈ ಒರೆಸುತ್ತ ಬಂದರು, ಕಣ್ಣಿನ ಅಂಚು ಕೆಂಪಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು.

"ಟೀಚರ್, ಇದನ್ನು ದೊಡ್ಡದು ಮಾಡ್ಬೇಡಿ. ನಮಗೆ ಕೆಲಸ ಇರುದೇ ಈ ಎಂಟು ತಿಂಗಳು. ಹೋದ ವರ್ಷ ಒಬ್ಬಳು ಕಣ್ಣುರಿ ಅಂತ ಹೇಳಿದ್ದಕ್ಕೆ ನಾಳೆಯಿಂದ ಬರ್ಬೇಡ ಹೇಳಿದ್ರು. ವಾಸನೆ ಎಲ್ಲ ಕಂಪನಿಯಲ್ಲಿಯೂ ಸ್ವಲ್ಪ ಇರ್ತದೆ."

ಹೆಡ್‌ಮಿಸ್ಟ್ರೆಸ್ ಪುಸ್ತಕವನ್ನು ತಿರುವಿ ಹಿಂದಕ್ಕೆ ಕೊಟ್ಟರು. "ಮಗು ಹಚ್ಚಿದ ಬಣ್ಣ ಹಿಡ್ಕೊಂಡು ಯಾರ ಹತ್ತಿರ ಹೋಗ್ತೀರಿ ಮಾರಾಯ್ತಿ? ನೀವು ಗೆಸ್ಟ್ ಟೀಚರ್. ಅದರಲ್ಲಿಯೂ ನೀವು..." ಅವರು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಈ ಊರಿನಲ್ಲಿ ನನ್ನಂಥ ಮುಸ್ಲಿಂ ಹೆಸರಿನವಳೊಬ್ಬಳು ಯಾರ ಮೇಲಾದರೂ ದೂರು ಕೊಟ್ಟರೆ ಮಾತು ಅಮೋನಿಯಾದ ಮೇಲೆಯೇ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ.

ಕಾರ್ಖಾನೆಗಳನ್ನು ನೋಡಿಕೊಳ್ಳುವ ಕಚೇರಿಗೆ ಒಂದು ಅರ್ಜಿ ಬರೆದೆ. ಕೆಳಗೆ ಹೆಸರು ಹಾಕಲಿಲ್ಲ. "ಹಿತೈಷಿ" ಎಂದು ಬರೆದು ಪೋಸ್ಟ್ ಮಾಡಿ, ಒಂದು ವಾರ ಕಾದೆ. ಏನೂ ಆಗಲಿಲ್ಲ. ಉಪ್ಪನಿಗೆ ಹೇಳಿದಾಗ ಅವರು ಬಾಟಲಿಗೆ ಬಿರಡೆ ಹಾಕುತ್ತಿದ್ದರು. "ಹೆಸರಿಲ್ಲದ ಕಾಗದ ಯಾರು ಓದ್ತಾರೆ ಮಗಳೇ? ಹೆದರಿಕೆ ಆದ್ರೆ ಬರೀಬೇಡ. ಬರೆದರೆ ಹೆಸರು ಹಾಕು" ಎಂದರು. ನಾನು ಎರಡನೇ ಅರ್ಜಿ ಬರೆಯಲು ಮತ್ತೆ ಐದು ದಿನ ತೆಗೆದುಕೊಂಡೆ. ಆ ಐದು ದಿನಗಳನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಆ ದಿನಗಳಲ್ಲಿ ಹೆದರಿಕೆಯಲ್ಲಿ ನನಗೆ ತೋಚಿದ್ದು ಒಂದೇ, ಇನ್ನೊಂದು ಅಭ್ಯಾಸ. ಮಕ್ಕಳಿಗೆ ಕೋಲಿನ ತುದಿಗೆ ನೂಲು ಕಟ್ಟಿಸಿದೆ. ಸಂಜೆ ಐದಕ್ಕೆ ನೀವಿರುವಲ್ಲಿ ನೂಲು ಯಾವ ಕಡೆ ಹಾರುತ್ತದೆ, ನಾಲ್ಕು ದಿನ ಬರೆಯಿರಿ. ಗಾಳಿಯನ್ನು ಚಿತ್ರದಲ್ಲಿ ಹಿಡಿಯಬೇಕು. ಗಾಳಿ ಬರುವ ಕಡೆಗೆ ನೀವು ಹೋಗಬೇಕಾದರೆ ದಾರಿ ಯಾವುದು, ಅದನ್ನೂ ಬರೆಯಿರಿ. ಮಕ್ಕಳಿಗೆ ಅದು ಆಟ. ಧನ್ಯಾಳ ಪುಟದಲ್ಲಿ ನಾಲ್ಕು ದಿನವೂ ನೂಲು ಕಂಪನಿಯ ಹಿಂದಿನ ಗೋಡೆಯಿಂದ ಗೇಟಿನ ಕಡೆಗೇ ಹಾರಿತ್ತು. ಗೋಡೆಯಾಚೆ ಹೈವೇ, ಅದರಾಚೆ ಕಡಲು. ಅಂದರೆ ಸಂಜೆಯ ಕಡಲ ಗಾಳಿ ಮೆಷಿನಿನ ಕೋಣೆಯನ್ನು ದಾಟಿ ನೇರವಾಗಿ ಅವಳು ಕೂರುವ ಗೂಡಿಗೆ ಬರುತ್ತಿತ್ತು.

ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. "ಇನ್ನು ಗೇಟಿನಲ್ಲಿ ಕೂತುಕೊಳ್ಬೇಡ. ಹೈವೇಯ ಬಸ್ ಸ್ಟಾಪಿನಲ್ಲಿ ಕೂತುಕೋ. ಅಮ್ಮನಿಗೆ ಹೇಳು, ಏನಾದರೂ ಆದರೆ ಗೇಟಿನ ಕಡೆ ಓಡ್ಬಾರ್ದು, ಹಿಂದಿನ ಗೋಡೆಯ ಕಡೆ ಹೋಗ್ಬೇಕು."

ಮರುದಿನ ಅವಳು ಉತ್ತರ ತಂದಳು. "ಗೋಡೆ ಹಾರ್ಲಿಕ್ಕೆ ನಾನು ಮಂಗನಾ ಅಂತ ಅಮ್ಮ ನೆಗಾಡಿದ್ರು ಮಿಸ್."

ಕೊನೆಗೆ ಲೋಬೋ ಸರ್ ಕೂಡ ಸಹಿ ಹಾಕಿದರು. ಇಬ್ಬರ ಪೂರ್ತಿ ಹೆಸರಿನ ಅರ್ಜಿಯನ್ನು ನಾನೇ ಕಚೇರಿಗೆ ಒಯ್ದು ಕೊಟ್ಟೆ. ಗುಮಾಸ್ತ ಸೀಲು ಹಾಕಿ, ಸಾಹೇಬರು ಟೂರಿನಲ್ಲಿದ್ದಾರೆ, ಮುಂದಿನ ವಾರ ನೋಡುತ್ತಾರೆ ಎಂದ. ಅಂದು ಸೋಮವಾರ.

ಶುಕ್ರವಾರ ಮಧ್ಯಾಹ್ನದಿಂದ ಮಳೆ ಬಿಡಲೇ ಇಲ್ಲ. ಶಾಲೆಯಲ್ಲಿ ಮೀಟಿಂಗ್ ಮುಗಿಸಿ ಐದೂವರೆಯ ಹೊತ್ತಿಗೆ ಹಂಪನಕಟ್ಟೆಯ ಬಸ್ಸು ಹತ್ತಿದೆ. ಬೈಕಂಪಾಡಿ ಹತ್ತಿರ ಬರುವಾಗ ಬಸ್ಸು ನಿಂತಿತು. ಮುಂದೆ ಲಾರಿಗಳ ಸಾಲು. ಕಿಟಕಿಯ ಗಾಜಿನಲ್ಲಿ ನೀರು ಇಳಿಯುತ್ತಿದ್ದುದರಿಂದ ಹೊರಗೆ ಜನ ಓಡುತ್ತಿರುವುದು ಮೊದಲು ಮಳೆಗೆ ಓಡುವಂತೆಯೇ ಕಂಡಿತು. ಅಷ್ಟರಲ್ಲಿ ಒಬ್ಬ ಬಸ್ಸಿನ ಮೆಟ್ಟಿಲು ಹತ್ತಿ ಕಂಬ ಹಿಡಿದು ಕೆಮ್ಮತೊಡಗಿದ. ಅವನ ಬಟ್ಟೆಯಿಂದ ಆ ವಾಸನೆ ಬಂತು. ಒಳಗಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

"ಎಂತ ಆದ್ದು?" ಕಂಡಕ್ಟರ್ ಕೇಳಿದ.

"ಮೀನಿನ ಕಂಪನಿಯಲ್ಲಿ ಗ್ಯಾಸ್," ಅವನು ಹೇಳಿದ. "ಗೇಟಿನ ಹತ್ತಿರ ಹೆಂಗಸರು ಬಿದ್ದಿದ್ದಾರೆ."

ನಾನು ಇಳಿದೆ. ಇಳಿದದ್ದಷ್ಟೇ. ಎದುರಿನ ರಸ್ತೆಯಲ್ಲಿ ಮುನ್ನೂರು ಹೆಜ್ಜೆ ನಡೆದರೆ ಕಂಪನಿ. ನನ್ನ ಕಾಲು ಏಳಲಿಲ್ಲ. ಹೇಮಕ್ಕನ ಫೋನಿಗೆ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಈ ಮಳೆಯಲ್ಲಿ ಹುಡುಗಿ ಬಸ್ ಸ್ಟಾಪಿನಲ್ಲಿ ಕೂತಿರಲಿಕ್ಕಿಲ್ಲ, ಬಾಬಣ್ಣನ ಗೂಡಿಗೇ ಹೋಗಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಬಸ್ ಸ್ಟಾಪಿನಲ್ಲಿ ನೋಡಿದೆ, ಇರಲಿಲ್ಲ. ಆಂಬುಲೆನ್ಸ್ ಒಂದು ಹೋಯಿತು, ಇನ್ನೊಂದು ಹೋಯಿತು. ಪೊಲೀಸರು ಹಗ್ಗ ಕಟ್ಟಿದರು. ಹಗ್ಗದ ಈಚೆ ನಿಂತು, ಹೊತ್ತು ತರುವ ಒಬ್ಬೊಬ್ಬರ ಕಾಲುಗಳನ್ನು ನೋಡುತ್ತಿದ್ದೆ. ನೀಲಿ ಯೂನಿಫಾರ್ಮಿನ ಪ್ಯಾಂಟು ಕಾಣದಿರಲಿ ಎಂಬುದೊಂದೇ ತಲೆಯಲ್ಲಿದ್ದದ್ದು. ಬಾಬಣ್ಣನನ್ನು ಇಬ್ಬರು ಎತ್ತಿಕೊಂಡು ಹೋದರು. ಅವರ ಖಾಕಿ ಅಂಗಿಯಿಂದ ಗುರುತು ಹಿಡಿದೆ, ಬಾಯಿ ತೆರೆದಿತ್ತು. "ಒಂದು ಶಾಲೆಯ ಹುಡುಗಿ ಇದ್ದಳಾ?" ಎಂದು ಕೇಳಿದೆ. ನನ್ನ ಸ್ವರ ಯಾರಿಗೂ ಕೇಳಿಸಲಿಲ್ಲವೋ, ನಾನು ಬಾಯಿಯೇ ತೆರೆಯಲಿಲ್ಲವೋ, ಈಗಲೂ ಗೊತ್ತಿಲ್ಲ.

ಹಾಗೆ ಒಂದೂಕಾಲು ಗಂಟೆ. ಆಮೇಲೆ ಗೊತ್ತಿಲ್ಲದ ಒಂದು ನಂಬರಿನಿಂದ ಫೋನು ಬಂತು.

"ಮಿಸ್, ನಾವು ಕಡಲಿನ ಹತ್ತಿರ ಇದ್ದೇವೆ, ನಮ್ಮ ಪಕ್ಕದ ಮನೆಯ ಮಾಮಿಯವರಲ್ಲಿ." ಸ್ವರ ಒಡೆದು ಗೊಗ್ಗರಾಗಿತ್ತು. "ಅಮ್ಮನಿಗೆ ಕಣ್ಣು ಕಾಣುದಿಲ್ಲ. ನೀರು ಹಾಕ್ತಾ ಇದ್ದೇವೆ."

ಹಗ್ಗ ಹಿಡಿದಿದ್ದ ಪೊಲೀಸನಿಗೆ ಹೇಳಿ, ಅವರ ಜೀಪಿನಲ್ಲೇ ಅಲ್ಲಿಗೆ ಹೋದೆ. ಹೇಮಕ್ಕ ಮತ್ತು ಇನ್ನೂ ಏಳು ಹೆಂಗಸರು ಜಗಲಿಯಲ್ಲಿದ್ದರು. ಎಲ್ಲರೂ ಕೆಮ್ಮುತ್ತಿದ್ದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರ ಬಾಯಿಂದ ತುಂಡು ತುಂಡಾಗಿ ವಿಷಯ ತಿಳಿಯಿತು. ಮೆಷಿನಿನ ಕೋಣೆಯಿಂದ ದೊಡ್ಡ ಸದ್ದು, ಮೇಲೆ ಬಿಳಿ ಹೊಗೆ. ಎಲ್ಲರೂ ಗೇಟಿಗೆ ಓಡಿದರು. ಧನ್ಯಾ ಗೂಡಿನಲ್ಲಿದ್ದಳು. ಗೇಟಿಗೆ ಅವಳಿಂದ ನಾಲ್ಕೇ ಹೆಜ್ಜೆ. ಹೊರಗೆ ಹೋಗಬಹುದಿತ್ತು. ಅವಳು ಒಳಗೆ ಓಡಿದಳು. ಬಾಬಣ್ಣ ಕೈ ಹಿಡಿದರಂತೆ, ಕೊಸರಿಕೊಂಡಳು. ವೇಲನ್ನು ಮಳೆಯಲ್ಲಿ ಒದ್ದೆ ಮಾಡಿ ಮುಖಕ್ಕೆ ಕಟ್ಟಿ, ಬದಿಯ ಗೋಡೆ ಹಿಡಿದು ಹೋಗಿ, ಫ್ರೀಜರಿನ ಬಾಗಿಲಿನ ಹತ್ತಿರ ಕಣ್ಣು ಮುಚ್ಚಿ ತಡಕಾಡುತ್ತಿದ್ದ ತಾಯಿಯನ್ನು ಹಿಡಿದಳು. "ಹಿಂದೆ ಬನ್ನಿ, ಹಿಂದೆ ಗಾಳಿ ಉಂಟು" ಎಂದು ಕೂಗುತ್ತಿದ್ದಳಂತೆ. ಏಳು ಮಂದಿ ಅವಳ ಸ್ವರ ಕೇಳಿ ಹೋದರು. ಹಿಂದಿನ ಗೋಡೆಗೆ ಮೀನಿನ ಕ್ರೇಟುಗಳನ್ನು ಒಟ್ಟಿದ್ದರು. ಅದನ್ನು ಹತ್ತಿ ಆಚೆ ಹಾರಿ, ಹೈವೇ ದಾಟಿ, ಕಡಲಿನ ಕಡೆ ಓಡಿದರು.

ಬಾಬಣ್ಣ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದು ಕೊನೆಯವರು ಹೋಗುವ ತನಕ ಅಲ್ಲೇ ನಿಂತಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೇಮಕ್ಕನ ಬಲಗಣ್ಣು ಸರಿಯಾಯಿತು, ಎಡದ್ದು ಇಂದಿಗೂ ಮಂಜು ಮಂಜು. ಮಳೆ ಇಲ್ಲದಿದ್ದರೆ ಇನ್ನೆಷ್ಟು ಜನವೋ, ನೀರು ಆ ಗ್ಯಾಸನ್ನು ಹೀರಿಕೊಳ್ಳುತ್ತದೆ ಎಂದು ಲೋಬೋ ಸರ್ ಹೇಳಿದರು. ಪೊಲೀಸರು ಧನ್ಯಾಳ ಗೀಚು ಪುಸ್ತಕವನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ದರು. ಕೇಸು ನಡೆಯುತ್ತಿದೆ. ಪುಸ್ತಕ ಹಿಂದಕ್ಕೆ ಬಂದಿಲ್ಲ.

ಆ ಹುಡುಗಿ ತನ್ನ ಅಮ್ಮನನ್ನು ಉಳಿಸಿದಳು ಎಂದು ಶಾಲೆಯಲ್ಲಿ ಎಲ್ಲರೂ ಹೇಳಿದರು. ಅಸೆಂಬ್ಲಿಯಲ್ಲಿ ಚಪ್ಪಾಳೆ ತಟ್ಟಿದರು. ನನ್ನನ್ನೂ ಹೊಗಳಿದರು. ನನಗೆ ಕಾಣುತ್ತಿದ್ದದ್ದು ಆ ನಾಲ್ಕು ಹೆಜ್ಜೆ. ನಾನು ಗೋಡೆಯ ಮಾತು ಹೇಳದಿದ್ದರೆ ಅವಳು ಗೇಟಿನಿಂದ ಹೊರಗೆ ಹೋಗುತ್ತಿದ್ದಳು. ನಾನು ಹೇಳದಿದ್ದರೆ ಹೇಮಕ್ಕ ಇರುತ್ತಿರಲಿಲ್ಲ. ಎರಡೂ ನಿಜ, ಮತ್ತು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಲಗುವುದು ಕಷ್ಟ.

ಅಕ್ಟೋಬರ್ ಕೊನೆಯಲ್ಲಿ ಧನ್ಯಾಳ ತಂದೆ ಶಾಲೆಗೆ ಬಂದರು. ಬಿಸಿಲಿಗೆ ಕಪ್ಪಾದ, ಎತ್ತರದ ಮನುಷ್ಯ. ಡ್ರಾಯಿಂಗ್ ರೂಮಿನ ಬಾಗಿಲಲ್ಲಿ ಅವರು ನಿಂತಾಗ, ನನ್ನ ಮಗಳನ್ನು ಒಳಗೆ ಓಡಿಸಿದವಳು ನೀನೇ ಅಲ್ಲವಾ ಎಂದು ಕೇಳುತ್ತಾರೆಂದು ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತರು.

"ಟೀಚರ್, ಅವಳು ಕಿಟಕಿ ಮುಚ್ಚಲಿಕ್ಕೆ ಬಿಡುದಿಲ್ಲ. ಎಂತ ಮಳೆ ಬಂದ್ರೂ ಎರಡೂ ಬಾಗಿಲು ತೆರೆದೇ ಇರ್ಬೇಕು. ಹಾಸಿಗೆ ಎಲ್ಲ ಒದ್ದೆ. ಮುಚ್ಚಿದ್ರೆ ಎದ್ದು ಕೂತು ನಡುಗ್ತಾಳೆ." ಮೇಜಿನ ಮೇಲಿನ ಪುಸ್ತಕಗಳ ಕಡೆ ನೋಡಿ ಕೇಳಿದರು. "ನಿಮ್ಮ ಪುಸ್ತಕದಲ್ಲಿ ಅದಕ್ಕೆ ಎಂತಾದ್ರೂ ಒಂದು ಪಾಠ ಉಂಟಾ?"

ಇಲ್ಲವೆಂದು ಹೇಳಿದೆ. ಅವರು ತಲೆಯಾಡಿಸಿದರು. "ಆಯ್ತು. ಕೇಳಿ ನೋಡುವ ಅಂತ ಬಂದದ್ದು" ಎಂದು ಎದ್ದು ಹೋದರು.

ಆ ಭಾನುವಾರ ನಾನು ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಅವರ ಮನೆಗೆ ಹೋದೆ. ಹೊರಗೆ ಹಿಂಗಾರು ಮಳೆ, ಕಿಟಕಿಯಿಂದ ಎರಚಲು ಒಳಗೆ ಬೀಳುತ್ತಿತ್ತು. ಧನ್ಯಾ ಪುಸ್ತಕವನ್ನು ಮುಟ್ಟಲಿಲ್ಲ. ಮುಂದಿನ ಭಾನುವಾರವೂ ಮುಟ್ಟಲಿಲ್ಲ. ಮೂರನೇ ಭಾನುವಾರ ಪೆನ್ಸಿಲನ್ನು ನನ್ನ ಕಡೆಗೆ ದೂಡಿದಳು.

"ಇವತ್ತು ನೀವು ಬರೆಯಿರಿ ಮಿಸ್."

"ಎಂತ ಬರೀಲಿ?"

"ಆ ದಿನ ನೀವು ಎಲ್ಲಿದ್ರಿ, ಅದು."

ನಾನು ಬಸ್ಸು ಬರೆದೆ. ಹಗ್ಗ ಬರೆದೆ. ಹಗ್ಗದ ಈಚೆ ನನ್ನನ್ನು ಬರೆದೆ. ಕಾಲುಗಳ ಹತ್ತಿರ ಬಂದಾಗ ಪೆನ್ಸಿಲು ನಿಂತಿತು.

"ಮುಂದೆ ಬರ್ಲಿಲ್ವಾ ನೀವು?" ಅವಳು ಕೇಳಿದಳು.

"ಇಲ್ಲ. ಹೆದರಿಕೆ ಆಯ್ತು. ನಿಂತಲ್ಲೇ ನಿಂತೆ."

"ಎಷ್ಟು ಹೊತ್ತು?"

"ನೀನು ಫೋನ್ ಮಾಡುವ ತನಕ."

ಅವಳು ಚಿತ್ರವನ್ನು ತನ್ನ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಒಳಗಿನ ಕೋಣೆಯಲ್ಲಿ ಹೇಮಕ್ಕ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಅಂಗಾತ ಮಲಗಿದ್ದರು.

"ನಾನೂ ಮೊದಲು ನಿಂತೇ ಇದ್ದದ್ದು ಮಿಸ್," ಅಂದಳು ಧನ್ಯಾ. "ಓಡಿದ್ದು ಆಮೇಲೆ. ಯಾರಿಗೂ ಹೇಳ್ಲಿಲ್ಲ."

ಚಿತ್ರದಲ್ಲಿ ನನ್ನ ಪಕ್ಕ, ಕಾಲು ಬರೆಯದೆ ಬಿಟ್ಟ ನನ್ನ ಹಾಗೆಯೇ, ಒಂದು ಸಣ್ಣ ಹುಡುಗಿಯನ್ನು ಬರೆದಳು. ಪುಟದ ಮೇಲೆ ಎರಚಲಿನ ಹನಿಯೊಂದು ಬಿತ್ತು. ಅದನ್ನು ಅಂಗೈಯಲ್ಲಿ ಒರೆಸಿದಳು. ಇನ್ನೊಂದು ಬಿತ್ತು. ಅವಳು ಎದ್ದು ಹೋಗಿ, ಕಿಟಕಿಯ ಒಂದು ಬಾಗಿಲನ್ನು ಎಳೆದು ಮುಚ್ಚಿ, ಚಿಲಕ ಹಾಕದೆ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ಬಿಟ್ಟಳು. ಇನ್ನೊಂದು ಬಾಗಿಲು ತೆರೆದೇ ಇತ್ತು.